ನರಸೀಪುರದ ಸರ್ವರ್ ಮತ್ತು ಆರು ವಾರದ ಮೌನ

ಅಕ್ಟೋಬರ್ 6, 2025, ಸೋಮವಾರ

ಎಲಾ ವಿಧಿಯೇ! ಮೂವತ್ತೆರಡು ವರ್ಷ ಮೈಕಿನ ಹಂಗಿಲ್ಲದೆ ಮೂರು ಊರಿಗೆ ಕೇಳಿಸಿದ ಗಂಟಲಿಗೆ ಇಂದು ಬೆಳಿಗ್ಗೆ ಹನ್ನೊಂದೂಕಾಲಿಗೆ, ಮೈಸೂರಿನ ಒಂದು ಕ್ಲಿನಿಕ್ಕಿನಲ್ಲಿ, ಪರದೆ ಇಳಿಸಿಬಿಟ್ಟರು.

ಮೂಗಿನ ಮೂಲಕ ಸಪೂರ ಕೊಳವೆಯೊಂದನ್ನು ಇಳಿಸಿದರು. ತುದಿಯಲ್ಲಿ ಕ್ಯಾಮೆರಾ. ಎದುರಿನ ಟಿವಿಯಲ್ಲಿ ನನ್ನ ಗಂಟಲಿನ ಒಳಮನೆ ಕಾಣಿಸಿತು. ಎರಡು ಬಿಳಿಯ ತಂತಿಗಳು. ಒಂದರ ಅಂಚಿನಲ್ಲಿ ರಾಗಿಕಾಳಿನಷ್ಟು ಗಂಟು. ರಾಗಿಕಾಳು! ಕಿರೀಟ, ಗದೆ, ಭುಜಕೀರ್ತಿ ಸಮೇತ ರಂಗ ನಡುಗಿಸಿದ ರಾಜಪಾರ್ಟಿನವನನ್ನು ಉರುಳಿಸಲು ಒಂದು ರಾಗಿಕಾಳು ಸಾಕಾಯಿತು.

"ಆರು ವಾರ ಮಾತಾಡಬಾರದು" ಎಂದರು ಡಾಕ್ಟರಮ್ಮ. "ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು. ಹತ್ತೊಂಬತ್ತನೇ ನವೆಂಬರಿಗೆ ಬನ್ನಿ. ಅಷ್ಟರೊಳಗೆ ಇದು ಕರಗದೇ ಇದ್ರೆ ಆಪರೇಷನ್ ಮಾಡಬೇಕಾಗುತ್ತೆ. ಮಾಡಿದ ಮೇಲೆ ಇದೇ ದನಿ ವಾಪಸ್ ಬರುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ. ನಾಟಕದಲ್ಲಿ ಜೋರಾಗಿ ಕೂಗ್ತೀರೇನು?"

ನಾನು ಬಾಯಿ ತೆರೆಯುವ ಮೊದಲೇ ನಾಗರತ್ನ ಉತ್ತರ ಕೊಟ್ಟಳು. "ನಾಟಕ ವರ್ಷಕ್ಕೆ ಎರಡೇ ದಿನ ಡಾಕ್ಟ್ರೇ. ಆಫೀಸ್ನಲ್ಲಿ ದಿನಾ. ಇವ್ರು ನಂಜನಗೂಡಿಂದ ನರಸೀಪುರಕ್ಕೆ ಮಾತಾಡೋಕೆ ಫೋನೇ ಬೇಡ, ಕಿಟಕಿ ತಗುದ್ರೆ ಸಾಕು."

ಡಾಕ್ಟರಮ್ಮ ನಕ್ಕರು. ಕಟ್ಟಿಕೊಂಡವಳೇ ಎದುರು ಪಕ್ಷದ ಸಾಕ್ಷಿಯಾದ ಮೇಲೆ ಇನ್ನೇನು! ವಾಪಸ್ಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಒಂದು ಸ್ಲೇಟು, ಬಳಪದ ಡಬ್ಬಿ, ಈ ನೋಟ್‌ಬುಕ್ಕು ಕೊಂಡೆ. ಸ್ಲೇಟು ಲೋಕಕ್ಕೆ, ನೋಟ್‌ಬುಕ್ಕು ನನಗೆ. ಗಂಟಲಿನಲ್ಲಿ ಹೊರಡಬೇಕಾದದ್ದು ಇನ್ನು ಇಲ್ಲಿಗೇ ಬರಬೇಕು. ಸಂಕ್ರಾಂತಿಗೆ ಬಿಳಿಗೆರೆಯಲ್ಲಿ ನಾಟಕವಿದೆ. ರಾಜಪಾರ್ಟು ನನ್ನದು. ದನಿ ಇಲ್ಲದ ರಾಜನನ್ನು ಯಾವ ಊರು ಕೂರಿಸಿಕೊಂಡೀತು?

ಅಕ್ಟೋಬರ್ 8, ಬುಧವಾರ

ಆಫೀಸಿಗೆ ಬಂದ ಮೊದಲ ದಿನವೇ ಮೌನಕ್ಕೆ ಭಂಗ.

ನಮ್ಮ ಬೀಜ ಬೆಳೆಗಾರರ ಸಹಕಾರ ಸಂಘದ ಆಫೀಸು ನಂಜನಗೂಡಿನಲ್ಲಿ, ಗೋದಾಮು ತಿರುಮಕೂಡಲು ನರಸೀಪುರದಲ್ಲಿ. ಸರ್ವರ್ ಎಂಬ ಮಹಾರಾಜ ಬಿಜಯಂಗೈದಿರುವುದು ಗೋದಾಮಿನ ಪಕ್ಕದ ಕೋಣೆಯಲ್ಲಿ. ಯಾಕೆ ಅಲ್ಲಿ ಎಂದು ಕೇಳಬಾರದು. "ಆಫೀಸು ನಿಮಗೆ ಕೊಟ್ಟಿದ್ದೀವಿ, ಸರ್ವರಾದರೂ ನಮ್ಮ ತಾಲ್ಲೂಕಿಗೆ ಕೊಡಿ" ಎಂದು ಆಗಿನ ಅಧ್ಯಕ್ಷರು ಹಟ ಹಿಡಿದರಂತೆ. ಕಂಪ್ಯೂಟರ್ ನೋಡಿಕೊಳ್ಳುವ ನಾನು ಇಲ್ಲಿ, ನೋಡಿಸಿಕೊಳ್ಳುವ ಅದು ಅಲ್ಲಿ. ಅದು ಎಚ್ಚರವಿರುವಷ್ಟು ಹೊತ್ತು ಇಲ್ಲಿಂದಲೇ ಕೆಲಸ ನಡೆಯುತ್ತದೆ. ವಾರಕ್ಕೆ ಮೂರು ಸಲ ಮೂರ್ಛೆ ಹೋಗುತ್ತದೆ. ಆಗ ಎರಡೂ ಊರಿನಲ್ಲಿ ಬಿಲ್ಲು ನಿಲ್ಲುತ್ತದೆ, ರೈತರು ಚೀಲ ಮಡಿಚಿಕೊಂಡು ಸಾಲಿನಲ್ಲಿ ನಿಲ್ಲುತ್ತಾರೆ, ನಾನು ಗೋದಾಮಿನ ಅಟೆಂಡರ್ ಚಿಕ್ಕಮಾದಮ್ಮನಿಗೆ ಫೋನು ಮಾಡಿ ಆ ಗುಂಡಿ ಒತ್ತು, ಈ ಗುಂಡಿ ಬಿಡು, ಪರದೆ ಮೇಲೆ ಏನಿದೆ ಓದು ಎಂದು ಗುಡುಗುತ್ತೇನೆ. ನಾಲ್ಕು ವರ್ಷದಿಂದ ಇದೇ ಸೀನು.

ಇಂದು ಹನ್ನೊಂದಕ್ಕೆ ಮೂರ್ಛೆ. ನನ್ನ ಬದಲು ಸೆಕ್ರೆಟರಿ ಪುಟ್ಟಬಸವಯ್ಯನವರು ಫೋನು ಹಿಡಿದರು. ನಾನು ಸ್ಲೇಟಿನಲ್ಲಿ ಬರೆಯುವುದು, ಅವರು ಅದನ್ನು ಹೇಳುವುದು.

"ಏನ್ರೀ ಇದು, ಮುಂದಿನ ಗುಂಡಿನೋ ಹಿಂದಿನ ಗುಂಡಿನೋ? ನಿಮ್ಮ ಅಕ್ಷರ ಇರುವೆ ಓಡ್ದಂಗಿದೆ ರಂಗನಾಯಕ್ರೇ!"

ಅಷ್ಟರಲ್ಲಿ ಚಿಕ್ಕಮಾದಮ್ಮ ಹಿಂದುಗಡೆ ಕೈ ಹಾಕುತ್ತಿರುವುದು ಫೋನಿನಲ್ಲಿ ಅವಳ ಮಾತಿನಿಂದ ಗೊತ್ತಾಯಿತು. ನನ್ನ ಕೈ ತಾನಾಗಿ ಫೋನು ಕಿತ್ತುಕೊಂಡಿತು. "ಹಿಂದಿಂದು ಮುಟ್ಟಬೇಡಾ!" ಎಂಬ ಎರಡೇ ಮಾತು. ಎರಡೇ! ಗಂಟಲೊಳಗೆ ಮೊಳೆ ಹೊಡೆದಂತಾಯಿತು. ನಾಗರತ್ನನಿಗೆ ಹೇಳಿಲ್ಲ. ಇಲ್ಲಿ ಬರೆದಿದ್ದೇನೆ.

ಅಕ್ಟೋಬರ್ 9, ಗುರುವಾರ

ಸಿಕ್ಕಿತು! ಸಿಕ್ಕಿತು!

ಗಂಟಲು ಉಳಿಯಬೇಕಾದರೆ ಫೋನು ಸಾಯಬೇಕು ಎಂಬ ಛಲ ಹೊತ್ತು, ಸರ್ವರ್ ಜೊತೆ ಬಂದಿದ್ದ ದಪ್ಪ ಪುಸ್ತಕದ ಧೂಳು ಕೊಡವಿ ಕೂತೆ. ಆ ಪೆಟ್ಟಿಗೆಯೊಳಗೆ ಇನ್ನೊಂದು ಪುಟ್ಟ ಮಿದುಳಿದೆಯಂತೆ. ಹೆಸರು ಮ್ಯಾನೇಜ್‌ಮೆಂಟ್ ಪ್ರೊಸೆಸರ್. ದೊಡ್ಡದು ಮೂರ್ಛೆ ಹೋಗಲಿ, ಆಫೇ ಆಗಿರಲಿ, ಪುಟ್ಟದು ಎಚ್ಚರ. ಅದಕ್ಕೆ ಹಿಂದುಗಡೆ ತನ್ನದೇ ಬೇರೆ ನೆಟ್‌ವರ್ಕ್ ಕಿಂಡಿ. ಅಲ್ಲಿಗೊಂದು ಕೇಬಲ್ ಹಾಕಿದರೆ ನಂಜನಗೂಡಿನಲ್ಲಿ ಕೂತೇ ನರಸೀಪುರದ ಪರದೆ ನೋಡಬಹುದು, ಅದರ ಕೀಬೋರ್ಡು ಮೌಸು ಆಡಿಸಬಹುದು, ಪವರ್ ಗುಂಡಿಯನ್ನೂ ಒತ್ತಬಹುದು. ಒಂದು ಮಾತು ಆಡದೆ!

ಇದು ನಮ್ಮ ಪ್ರಾಂಪ್ಟರ್ ಅಲ್ಲವೇ? ರಾಜ ಕಂದಪದ್ಯ ಮರೆಯಲಿ, ಕಿರೀಟ ಜಾರಿ ಬೀಳಲಿ, ಮಾತು ಎತ್ತಿಕೊಡಲು ಸೈಡ್ ವಿಂಗಿನಲ್ಲಿ ನಿಂತವನು ನಿದ್ದೆ ಹೋಗುವ ಹಾಗಿಲ್ಲ. ಇಂಥವನೊಬ್ಬ ನಾಲ್ಕು ವರ್ಷದಿಂದ ಪರದೆಯ ಹಿಂದೆ ಕಾದು ನಿಂತಿದ್ದ, ನಾನು ಮುಂದೆ ನಿಂತು ಅರಚುತ್ತಿದ್ದೆ.

ಸೆಕ್ರೆಟರಿಗೆ ಸ್ಲೇಟಿನಲ್ಲಿ ಬರೆದು ತೋರಿಸಿದೆ. "ಖರ್ಚೇನಾದ್ರೂ ಉಂಟೋ?" ಎಂದರು. ಒಂದು ಕೇಬಲ್ ಎಂದು ಬರೆದೆ. "ಹಂಗಾದ್ರೆ ಸೋಮವಾರನೇ ಹೋಗ್ಬನ್ನಿ."

ಅಕ್ಟೋಬರ್ 13, ಸೋಮವಾರ

ಬಸ್ಸಿನಲ್ಲಿ ನರಸೀಪುರ. ಟಿಕೆಟಿಗೂ ಸ್ಲೇಟು. ಕಂಡಕ್ಟರು ನನ್ನನ್ನು ಹುಟ್ಟು ಮೂಗನೆಂದುಕೊಂಡು ಕಿಟಕಿ ಪಕ್ಕದ ಸೀಟು ಬಿಡಿಸಿಕೊಟ್ಟ. ಮನಸ್ಸಿಗೆ ಇರಿದಂತಾಯಿತು, ಆದರೂ ಕೂತೆ.

ಸರ್ವರಿನ ಬೆನ್ನಿನ ಕಿಂಡಿಯಲ್ಲಿ ಜೇಡ ಸಂಸಾರ ಹೂಡಿತ್ತು. ಒಕ್ಕಲೆಬ್ಬಿಸಿ ಕೇಬಲ್ ಸಿಕ್ಕಿಸಿದೆ. ಹಸಿರು ದೀಪ ಮಿಟುಕಿತು, ರೌಟರಿನ ಪಟ್ಟಿಯಲ್ಲಿ ಅದರ ವಿಳಾಸ ಕಾಣಿಸಿತು. ಎರಡೂ ಆಫೀಸಿನ ನಡುವೆ ನಮ್ಮದೇ ಒಳದಾರಿ ಇರುವುದರಿಂದ ಹೊರಗಿನವರ ಕಣ್ಣಿಗೆ ಬೀಳುವ ಭಯವಿಲ್ಲ. ಭಲೇ! ಇನ್ನುಳಿದದ್ದು ಪಾಸ್‌ವರ್ಡು. ಅದು ಸರ್ವರಿನ ಮುಂಭಾಗದಲ್ಲಿ, ಎಳೆದರೆ ಹೊರಬರುವ ಒಂದು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಚ್ಚಾಗಿರುತ್ತದೆ ಎಂದು ಪುಸ್ತಕ ಹೇಳುತ್ತದೆ.

ಮುಂಭಾಗಕ್ಕೆ ಬಂದೆ. ಆಯುಧಪೂಜೆಯ ವಿಭೂತಿ ಮೂರು ಪಟ್ಟೆ, ನಡುವೆ ಕುಂಕುಮ, ಒಣಗಿದ ಸೇವಂತಿಗೆಯ ಸರ. ಪಟ್ಟಿ ಇರಬೇಕಾದ ಜಾಗ ಖಾಲಿ!

ಚಿಕ್ಕಮಾದಮ್ಮನನ್ನು ಕರೆಸಿದೆ. ಐವತ್ತರ ಹತ್ತಿರದ ಹೆಂಗಸು, ದಿನಾ ಮೂಗೂರಿನಿಂದ ಬಂದುಹೋಗುತ್ತಾಳೆ, ಏಳನೇ ಕ್ಲಾಸಿನವರೆಗೆ ಓದಿದ್ದಾಳೆ. ನಾಲ್ಕು ವರ್ಷ ಫೋನಿನಲ್ಲಿ ಅರಚಿದ್ದೇನೆ. ಎದುರಿಗೆ ನೋಡಿದ್ದು ಮೂರನೆಯದೋ ನಾಲ್ಕನೆಯದೋ ಸಲ. ಸ್ಲೇಟಿನಲ್ಲಿ "ಇಲ್ಲಿದ್ದ ಪಟ್ಟಿ ಎಲ್ಲಿ?" ಎಂದು ಬರೆದೆ.

"ನಂಗೊತ್ತಿಲ್ಲ ಸಾ."

ಅದೇ ಪ್ರಶ್ನೆಯನ್ನು ಸ್ಲೇಟು ತುಂಬುವಷ್ಟು ದೊಡ್ಡದಾಗಿ ಬರೆದು ಮೇಜಿಗೆ ಕುಟ್ಟಿದೆ.

"ಇಲಿ ಎಳ್ಕೊಂಡೋಗಿರ್ಬೇಕು ಕಣ್ ಸಾ. ಬಲ್ ಇಲಿ ಕಾಟ ಇಲ್ಲಿ."

ಕೋಣೆಯಲ್ಲಿ ಇಲಿಯ ಒಂದು ಹಿಕ್ಕೆಯೂ ಇರಲಿಲ್ಲ. ಆಯಮ್ಮ ನನ್ನ ಮುಖ ನೋಡುತ್ತಿರಲಿಲ್ಲ, ಸ್ಲೇಟನ್ನೇ ನೋಡುತ್ತಿದ್ದಳು. ಬರಿಗೈಯಲ್ಲಿ ಬಸ್ಸು ಹತ್ತಿದೆ.

ಅಕ್ಟೋಬರ್ 15, ಬುಧವಾರ

ಸರ್ವರ್ ಆನ್ ಆಗುವಾಗ ಸೆಟಪ್ಪಿನೊಳಗೆ ನುಗ್ಗಿ ಪಾಸ್‌ವರ್ಡು ಬದಲಿಸುವ ಇನ್ನೊಂದು ಬಾಗಿಲಿದೆ. ಅದಕ್ಕೆ ಸರ್ವರ್ ಮಾರಿದವರು ತಮ್ಮದೇ ಪಾಸ್‌ವರ್ಡಿನ ಬೀಗ ಜಡಿದು, ಅಂಗಡಿ ಮುಚ್ಚಿ, ಊರು ಬಿಟ್ಟಿದ್ದಾರೆ. ತಯಾರಕರ ಸಹಾಯವಾಣಿಗೆ ಫೋನು ಮಾಡಿದೆ. ಯಂತ್ರದ ಹೆಣ್ಣುದನಿಯೊಂದು ಇಂಪಾಗಿ "ನಿಮ್ಮ ಸಮಸ್ಯೆಯನ್ನು ದಯವಿಟ್ಟು ಮಾತಿನಲ್ಲಿ ತಿಳಿಸಿ" ಎಂದಿತು. ತಾಯೀ, ಮಾತೇ ನನ್ನ ಸಮಸ್ಯೆ!

ಮಧ್ಯಾಹ್ನ ಮತ್ತೆ ಮೂರ್ಛೆ. ಈ ಸಲ ವಾಟ್ಸಾಪಿನಲ್ಲಿ ಚಿಕ್ಕಮಾದಮ್ಮನಿಗೆ ಬರೆದು ಕಳಿಸಿದೆ. ಹೀಗೆ: "ಎಲೌ, ವಿಳಂಬ ಮಾಡದೆ ಯಂತ್ರದ ಮುಂಭಾಗದಲ್ಲಿ ಬಲಗಡೆಗೆ ಇರತಕ್ಕಂಥ ದುಂಡನೆಯ ಗುಂಡಿಯನ್ನು ಐದು ಎಣಿಸುವ ಪರ್ಯಂತ ಅದುಮಿ ಹಿಡಿದು ತದನಂತರ ಬಿಡತಕ್ಕದ್ದು!"

ಅವಳ ವಾಯ್ಸ್ ಮೆಸೇಜು ಬಂತು. "ಸಾ, ಬಲ್ ಉದ್ದ ಅದೆ ಸಾ. ಎಲ್ಡನೇ ಸಾಲ್ಗೆ ಓಗೋವೊತ್ಗೆ ಮೊದಲ್ನೇದು ಮರ್ತೋಯ್ತದೆ."

ಬೆರಳೂ ಸೋತಿತ್ತು. "ಮುಂದಿನ ದುಂಡು ಗುಂಡಿ ಒತ್ತಿ. ಐದು ಎಣಿಸಿ. ಬಿಡಿ." ಎಂದು ಕಳಿಸಿದೆ.

ಎಂಟು ನಿಮಿಷಕ್ಕೆ ಸರ್ವರ್ ಎದ್ದಿತು. ಎಂಟೇ! ನನ್ನ ಗುಡುಗಿಗೆ ಅರ್ಧ ಗಂಟೆ ತಗೊಳ್ಳುತ್ತಿತ್ತು. ಇಂದು ಅದರ ಅದೃಷ್ಟ ಚೆನ್ನಾಗಿತ್ತು ಅಷ್ಟೆ.

ಅಕ್ಟೋಬರ್ 20, ನರಕ ಚತುರ್ದಶಿ

ಎಣ್ಣೆ ನೀರು. ಒಬ್ಬಟ್ಟು ಚೆನ್ನಾಗಿದೆ ಎನ್ನಲೂ ಸ್ಲೇಟು. ನಾಗರತ್ನ ಓದಿ, ಒರೆಸದೆ, ಅಡುಗೆಮನೆ ಗೂಡಿನಲ್ಲಿ ನಿಲ್ಲಿಸಿಕೊಂಡಳು. "ಇಪ್ಪತ್ತಾರು ವರ್ಷಕ್ಕೆ ಬರವಣಿಗೇಲಿ ಸಿಕ್ಕಿದೆ, ಇರ್ಲಿ ಬಿಡಿ" ಎಂದಳು. ಸಂಜೆಯವರೆಗೆ ನನಗೆ ಸ್ಲೇಟಿಲ್ಲ.

ಅಕ್ಟೋಬರ್ 27, ಸೋಮವಾರ

ಪಾಸ್‌ವರ್ಡಿನ ಬಾಗಿಲ ಮುಂದೆಯೇ ಕೂತಿದ್ದೇನೆ. ಬ್ರೌಸರಿನಲ್ಲಿ ವಿಳಾಸ ಹಾಕಿದರೆ ಪುಟ ತೆರೆಯುತ್ತದೆ. ಹೆಸರು ಕೇಳುತ್ತದೆ, ಗುಟ್ಟು ಕೇಳುತ್ತದೆ. ಊಹೆಯ ಬಾಣ ಬಿಟ್ಟೆ. ಮೂರು ತಪ್ಪಾದರೆ ಅದು ಹೊತ್ತು ಕಾಯಿಸುತ್ತದೆ.

ಚಿಕ್ಕಮಾದಮ್ಮನ ವಾಯ್ಸ್ ಮೆಸೇಜುಗಳು ಈಗ ದಿನಕ್ಕೆ ನಾಲ್ಕೈದು ಬರುತ್ತವೆ. ನಾನು ಕೇಳಿದ್ದಕ್ಕೆ ಉತ್ತರ ಕೊನೆಯಲ್ಲಿ ಇರುತ್ತದೆ, ಮೊದಲು ಬೇರೇನೋ. ಇಂದು ಮೂಗೂರಿನಿಂದ ಬಸ್ಸು ತಡವಾದದ್ದು, ಸೊಸೆ ರಾಣಿ ಮಾಡಿದ ಅವರೆಕಾಳು ಸಾರಿಗೆ ಉಪ್ಪು ಮರೆತದ್ದು, ಹುರುಳಿ ಬೀಜಕ್ಕೆ ಬಂದ ರೈತನೊಬ್ಬ ಚೀಲದ ಮೇಲೇ ನಿದ್ದೆ ಹೋದದ್ದು. ನಡುವೆ ಹಾರಿಸಲು ಬರುವುದಿಲ್ಲ. ಎಲ್ಲಿ ಗುಂಡಿಯ ವಿಷಯ ಬಂದುಬಿಡುತ್ತದೋ ಎಂದು ಪೂರಾ ಕೇಳಬೇಕು. ಕೇಳುತ್ತೇನೆ. ಆಯಮ್ಮ ರೈತನ ಗೊರಕೆ ಅಣಕಿಸಿದ್ದು ಮಾತ್ರ, ವೃತ್ತಿಯವನಾಗಿ ಹೇಳುತ್ತೇನೆ, ಒನ್ಸ್ ಮೋರ್ ಯೋಗ್ಯ. ಎರಡನೆಯ ಸಲ ಹಾಕಿ ಕೇಳಿದೆ.

ಅಕ್ಟೋಬರ್ 30, ಗುರುವಾರ

ಏನಿದು! ಏನಿದು! ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಊಟ ಬಿಚ್ಚಿದ್ದೆ. ಎರಡು ನಿಮಿಷ ಉದ್ದದ ವಾಯ್ಸ್ ಮೆಸೇಜು ಬಂತು. ಈ ಸಲ ಬಸ್ಸಿಲ್ಲ, ಸಾರಿಲ್ಲ, ನೇರ ವಿಷಯ:

"ಸಾ, ಒಂದು ಮಾತ್ ಏಳ್ತೀನಿ, ಕ್ವಾಪ ಮಾಡ್ಕಬೇಡಿ. ಇಲಿ ಎಳ್ಕೊಂಡೋಗ್ನಿಲ್ಲ ಸಾ. ಆಯುದಪೂಜೆ ದಿನ ಹೂವಿನ ಸರ ಕಟ್ಟಕೆ ಎಲ್ಲೂ ಮೊಳೆ ಇರ್ನಿಲ್ಲ. ಆ ಪೆಟ್ಗೆ ಮುಂದ್ಗಡೆ ಒಂದು ಪಟ್ಟಿ ಚಾಚ್ಕಂಡಿತ್ತು. ಅದ್ಕೇ ಸಿಗಾಕ್ದೆ. ಬಿಗಿಯಾಗ್ಲಿ ಅಂತ ಎಳ್ದೆ, ಕೈಗೇ ಬಂದ್ಬುಡ್ತು. ದೇವ್ರ ಪೂಜೆ ಮಾಡಕೋಗಿ ಅದ್ರ ನಾಲ್ಗೆನೇ ಕಿತ್ತಾಕ್ಬುಟ್ನಲ್ಲ ಅಂತ ಎದೆ ಒಡ್ಕೊಂಡೋಯ್ತು. ಬಿಸಾಕ್ನಿಲ್ಲ ಸಾ, ದೇವ್ರ ಪಟದ ಇಂದೆ ಮಡಗಿವ್ನಿ, ದಿನಾ ಕೈ ಮುಗೀತಿವ್ನಿ. ಏಳನಾ ಅಂದ್ರೆ, ತಾವು ಫೋನಲ್ ಕೂಗುದ್ರೇನೇ ನಂಗೆ ಯಾವ್ ಗುಂಡಿ ಅಂತ್ಲೇ ತಿಳಿಯಕಿಲ್ಲ. ಎದುರ್ಗ್ ಕೂಗ್ಬುಟ್ರೆ ನಾನಿರಕಿಲ್ಲ ಅಂತ ಸುಮ್ಕಾದೆ. ಈಗ ತಾವು ಕೂಗದಿಲ್ವಲ್ಲ. ಅದ್ಕೇ ಏಳ್ತಿವ್ನಿ."

ಎದ್ದು ನಿಂತೆ. ಎದೆ ಸೆಟೆಯಿತು, ಬಲಗೈ ಮೇಲೆದ್ದಿತು, ಗಂಟಲಿನಲ್ಲಿ ಪೂರ್ತಿ ದಳ ಶಸ್ತ್ರ ಹಿಡಿದು ನಿಂತಿತು. ಹದಿನೇಳು ದಿನ! ಹದಿನೇಳು ದಿನದಿಂದ ನಾನು ಇಲಿಯನ್ನು ಶಪಿಸುತ್ತಿದ್ದೇನೆ! ಕೂತು ಉತ್ತರ ಬರೆದೆ. ಆರಂಭದಲ್ಲೇ "ಮೂಢಮತಿಯೇ" ಎಂದಿತ್ತು. ಬರೆಯುತ್ತ ಬರೆಯುತ್ತ ಫೋನಿನ ಪರದೆ ಎರಡು ಸಲ ತುಂಬಿತು. ಎರಡನೇ ಸಾಲಿಗೆ ಮೊದಲನೆಯದು ಮರೆತುಹೋಗುತ್ತದೆ ಎಂದು ಆಯಮ್ಮ ಹೇಳಿದ್ದು ನೆನಪಾಗಿ ಎಲ್ಲವನ್ನೂ ಅಳಿಸಿದೆ.

"ಎತ್ತಿಟ್ಟದ್ದು ಒಳ್ಳೆಯದಾಯಿತು. ಫೋಟೋ ತೆಗೆದು ಕಳಿಸಿ." ಎಂದು ಕಳಿಸಿದೆ. ಚಿಕ್ಕದಾಗಿರಲಿ ಎಂದು, ಅಷ್ಟೇ.

ಫೋಟೋ ಬಂತು. ಪಟ್ಟಿಗೂ ಕುಂಕುಮ ಇಟ್ಟಿದ್ದಾಳೆ.

ಅಕ್ಟೋಬರ್ 31, ಶುಕ್ರವಾರ

ಪರದೆ ಮೇಲೆದ್ದಿತು!

ಬೆಳಿಗ್ಗೆ ಹತ್ತೂಕಾಲು. ವಿಳಾಸ ಹೊಡೆದೆ. "ಈ ಸಂಪರ್ಕ ಖಾಸಗಿಯಲ್ಲ" ಎಂದು ಬ್ರೌಸರು ಎಂದಿನಂತೆ ಹೆದರಿಸಿತು, ದಾಟಿದೆ. ಹೆಸರು, ಆಮೇಲೆ ಪಟ್ಟಿಯ ಎಂಟು ಅಕ್ಷರ. ಎಂಟರ್.

ಬಾಗಿಲು ತೆರೆಯಿತು.

ಮೊದಲು ಮಾಡಿದ ಕೆಲಸ, ಫೋಟೋದಲ್ಲಿ ಓಡಾಡಿದ ಆ ಪಾಸ್‌ವರ್ಡನ್ನು ಬದಲಿಸಿದ್ದು. ಎರಡನೆಯದು, ರಿಮೋಟ್ ಕನ್ಸೋಲ್ ಎಂಬುದರ ಮೇಲೆ ಒತ್ತಿದ್ದು. ಒಂದು ಕಪ್ಪು ಕಿಟಕಿ. ಕಪ್ಪು, ಕಪ್ಪು, ಕಪ್ಪು. ಅಗೋ! ನರಸೀಪುರದ ಪರದೆ ನಂಜನಗೂಡಿನಲ್ಲಿ! ನಾನು ಮೌಸು ಸರಿಸಿದರೆ ಅಲ್ಲಿಯ ಬಾಣ ಸರಿಯುತ್ತದೆ!

ಕೂಗಬೇಕು. ಕೂಗುವಂತಿಲ್ಲ. ಎದ್ದು ಮೇಜಿನ ಸುತ್ತ ಮೂರು ಸುತ್ತು ರಂಗಪ್ರವೇಶದ ಹೆಜ್ಜೆ ಹಾಕಿದೆ. ಪುಟ್ಟಬಸವಯ್ಯನವರು ಬಾಗಿಲಲ್ಲಿ ನಿಂತು ನೋಡಿ, "ಗಂಟಲಾಯ್ತು, ಈಗ ತಲೆಗೆ ಬಂತೇನಪ್ಪ" ಎಂದು ಒಳಗೆ ಹೋದರು.

ಅಷ್ಟರಲ್ಲಿ ವಾಯ್ಸ್ ಮೆಸೇಜು. "ಸಾ! ಬಾಣ ಒಂದೇ ಓಡಾಡ್ತಾ ಅದೆ! ನಾನು ಮುಟ್ನಿಲ್ಲ ಸಾ, ದೇವ್ರಾಣೆ ಮುಟ್ನಿಲ್ಲ! ಗಾಳಿ ಗೀಳಿ ಒಕ್ಕಂಡದಾ?"

ನೋಟ್‌ಪ್ಯಾಡು ತೆರೆದು, ಇಲ್ಲಿಂದ ಅಲ್ಲಿಯ ಪರದೆ ಮೇಲೆ ಕನ್ನಡದಲ್ಲಿ ಒಂದೊಂದೇ ಅಕ್ಷರ ಹೊಡೆದೆ: "ನಾನು ರಂಗನಾಯಕ. ನಂಜನಗೂಡಿನಿಂದ. ಹೆದರಬೇಡಿ."

ಆಮೇಲೆ ಬಂದ ಮೆಸೇಜಿನಲ್ಲಿ ಮಾತೇ ಇರಲಿಲ್ಲ, ಪೂರಾ ನಗು. ಈ ಹೆಂಗಸು ನಗುವುದನ್ನು ನಾಲ್ಕು ವರ್ಷದಲ್ಲಿ ಕೇಳಿರಲಿಲ್ಲ. ಸಿಗ್ನಲ್ಲು ಸರಿ ಇರುತ್ತಿರಲಿಲ್ಲವೇನೋ.

ನವೆಂಬರ್ 3, ಸೋಮವಾರ

ಬರೆಯಬೇಕೋ ಬೇಡವೋ. ಬರೆಯುತ್ತೇನೆ.

ಎರಡು ದಿನದ ರಜೆ ಮುಗಿಯುವುದನ್ನೇ ಕಾದು, ಇಂದು ಎಂಟೂವರೆಗೇ ಆಫೀಸಿನ ಬೀಗ ತೆಗೆಸಿ ಕೂತೆ. ವಿಳಾಸ ಹೊಡೆದೆ. ಉತ್ತರವಿಲ್ಲ. ಮತ್ತೆ. ಉತ್ತರವಿಲ್ಲ. ಎಂದೂ ನಿದ್ದೆ ಹೋಗದ ಪ್ರಾಂಪ್ಟರ್ ಸತ್ತು ಬಿದ್ದಿದ್ದಾನೆ! ಒಂದೂವರೆ ಗಂಟೆ ಬೆವರಿದೆ. ಹತ್ತಕ್ಕೆ ಸರಿಯಾಗಿ ಪುಟ ತಾನಾಗಿ ತೆರೆಯಿತು, ಏನೂ ಆಗದವನಂತೆ.

ಪುಟದಲ್ಲಿ ಒಂದು ಮೂಲೆಗೆ ಘಟನೆಗಳ ಪಟ್ಟಿ ಎಂದಿತ್ತು. ಒತ್ತಿದೆ. ಆ ಪುಟ್ಟ ಮಿದುಳೂ ದಿನಚರಿ ಬರೆಯುತ್ತದೆ! ನನ್ನಂತೆ ಅಬ್ಬರವಿಲ್ಲ, ಒಂದೊಂದೇ ಸಾಲು. ಶುಕ್ರವಾರ ಸಂಜೆ ಐದೂ ಮೂವತ್ತೆರಡು: ವಿದ್ಯುತ್ ತಪ್ಪಿತು. ಗುರುವಾರ ಐದೂ ಮೂವತ್ತು: ವಿದ್ಯುತ್ ತಪ್ಪಿತು. ಬುಧವಾರ ಐದೂ ಮೂವತ್ಮೂರು. ಕೆಳಗೆ ಕೆಳಗೆ ಹೋದೆ. ಸೆಪ್ಟೆಂಬರ್, ಆಗಸ್ಟ್, ಕಳೆದ ವರ್ಷ. ಕೆಲಸದ ಪ್ರತಿ ದಿನ, ಸಂಜೆ ಐದೂವರೆಯ ಆಸುಪಾಸು, ಓಡುತ್ತಿರುವ ಸರ್ವರಿನ ಜೀವ ಕಿತ್ತಿದ್ದಾರೆ. ಕೂರಿಸಿ ಮಲಗಿಸುವ ಕ್ರಮವಿಲ್ಲ, ಕತ್ತು ಹಿಸುಕಿದ ಹಾಗೆ. ಮಾರನೆಯ ದಿನ ಅದು ಮೂರ್ಛೆ ಹೋಗದೆ ಇನ್ನೇನು ಮಾಡೀತು? ನಾನು ನರಸೀಪುರದ ಕರೆಂಟು ಸರಿಯಿಲ್ಲ ಎಂದುಕೊಂಡು ಕೂತಿದ್ದೆ.

ಸಂಜೆ ಐದೂವರೆಗೆ ಅಲ್ಲಿ ಇರುವವರು ಯಾರು? ಬಾಗಿಲು ಹಾಕುವವರು ಯಾರು?

ಫೋನು ಕೈಗೆ ಬಂತು. ಬರೆಯುವ ಫೋನಲ್ಲ, ಮಾತಾಡುವ ಫೋನು. ಅತ್ತ ಚಿಕ್ಕಮಾದಮ್ಮ ಎತ್ತಿದಳು. "ಏಳಿ ಸಾ" ಎಂದಳು.

ಉಸಿರು ಎಳೆದುಕೊಂಡಿದ್ದೆ. ಮೂರು ಊರಿಗೆ ಕೇಳಿಸುವ ಉಸಿರು. ಅದು ಹೊರಟಿದ್ದರೆ ಇಪ್ಪತ್ತೆಂಟು ದಿನದ ಮೌನ, ಬಿಳಿಗೆರೆಯ ರಾಜಪಾರ್ಟು, ಡಾಕ್ಟರಮ್ಮನ ಮಾತು, ಎಲ್ಲ ಒಂದೇ ಏಟಿಗೆ ಹೋಗುತ್ತಿತ್ತು.

"ಸಾ? ಏನಾಯ್ತು ಸಾ? ಉಸಾರಾಗಿದ್ದೀರಾ?"

ಫೋನು ಕಟ್ ಮಾಡಿದೆ. ನೀರು ಕುಡಿದೆ. ಬರೆದು ಕಳಿಸಿದೆ: "ಸಂಜೆ ಹೋಗುವಾಗ ಸರ್ವರಿನ ಪ್ಲಗ್ಗು ತೆಗೆಯುತ್ತೀರಾ?"

"ಊಂ ಸಾ, ದಿನಾ ಕಿತ್ತಾಕ್ತೀನಿ, ಬೆಳಗ್ಗೆ ಸಿಗಾಕ್ತೀನಿ. ಒಂದಿನಾನೂ ತಪ್ಸಿಲ್ಲ." ದನಿಯಲ್ಲಿ ಹೆಮ್ಮೆ.

"ಯಾರು ಹೇಳಿದರು?"

"ತಾವೇ ಏಳಿದ್ರಲ್ಲ ಸಾ! ನಾನು ಕೆಲ್ಸಕ್ ಸೇರಿದ ವರ್ಸ, ಒಂದಿನ ಸಂಜೆ ಸಿಡ್ಲು ಒಡೀತಿತ್ತು. ತಾವು ಫೋನ್ ಮಾಡಿ 'ಓಗೋವಾಗ ಎಲ್ಲಾ ಕಿತ್ತಾಕು, ಒಂದೂ ಬಿಡಬೇಡ' ಅಂತ ಕೂಗಿದ್ರಿ. ಕಿವಿ ಗುಂಯ್ ಅಂದೋಯ್ತು. ಅವತ್ತಿಂದ ಬಿಟ್ಟೇ ಇಲ್ಲ. ಇನ್ನೊಂದ್ಸಲ ಏಳಿಸ್ಕಬಾರ್ದು ಅಂತ."

ಹೇಳಿದ್ದು ಆ ಒಂದು ಸಂಜೆಗೆ. ಸಿಡಿಲಿದ್ದ ಸಂಜೆಗೆ ಮಾತ್ರ. ಅದು ಯಾರಿಗಾದರೂ ಗೊತ್ತಾಗುವುದಿಲ್ಲವೇ?

ಕೇಳಬಹುದಿತ್ತಲ್ಲ, ದಿನಾ ಕೀಳಬೇಕಾ ಎಂದು.

ಕೇಳಬಹುದಿತ್ತು.

"ಇನ್ನು ಮೇಲೆ ಕೀಳುವುದು ಬೇಡ. ಸಿಡಿಲಿನ ದಿನ ನಾನೇ ಇಲ್ಲಿಂದ ಮಲಗಿಸಿ ತಿಳಿಸುತ್ತೇನೆ, ಆಮೇಲೆ ತೆಗೆಯಿರಿ. ನಿಮ್ಮ ತಪ್ಪಿಲ್ಲ." ಎಂದು ಬರೆದೆ. ಕೊನೆಯ ಎರಡು ಪದ ಬರೆಯಲು ಉಳಿದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ನವೆಂಬರ್ 6, ಗುರುವಾರ

ಸರ್ವರಿನ ಹಳೆಯ ಗಾಯ ಇನ್ನೂ ಪೂರಾ ಮಾಗಿರಲಿಲ್ಲ. ಹನ್ನೆರಡಕ್ಕೆ ಒಂದು ಸಲ ಮೂರ್ಛೆ. ಇಲ್ಲಿ ಹದಿನಾಲ್ಕು ಜನ ಸಾಲಿನಲ್ಲಿ, ಅಲ್ಲಿ ಇಪ್ಪತ್ತಕ್ಕೂ ಹೆಚ್ಚು. ಪುಟ ತೆರೆದೆ, ಪವರ್ ಗುಂಡಿಯ ಚಿತ್ರದ ಮೇಲೆ ಒತ್ತಿದೆ, ಕನ್ಸೋಲಿನಲ್ಲಿ ಅದು ಕಣ್ಣು ಬಿಡುವುದನ್ನು ನೋಡುತ್ತ ಕೂತೆ. ಆರು ನಿಮಿಷ. ಬಿಲ್ಲು ಹೊರಟಿತು.

ಪುಟ್ಟಬಸವಯ್ಯನವರು ಮಧ್ಯಾಹ್ನ ಕೇಳಿದರು: "ಏನ್ರೀ, ಇವತ್ತು ಸರ್ವರ್ ನಿಂತಿತ್ತಂತೆ? ನಂಗೆ ಗೊತ್ತೇ ಆಗ್ಲಿಲ್ವಲ್ಲ. ಗಲಾಟೆನೇ ಇಲ್ಲ."

ಮೂವತ್ತೆರಡು ವರ್ಷದ ನಟನಿಗೆ ಇದು ಮೆಚ್ಚುಗೆಯೋ ಅವಮಾನವೋ ಎಂದು ಸಂಜೆಯವರೆಗೆ ಯೋಚಿಸಿದೆ. ಮೆಚ್ಚುಗೆ ಎಂದು ಇತ್ಯರ್ಥ ಮಾಡಿ ಮನೆಗೆ ಬಂದೆ.

ನವೆಂಬರ್ 14, ಶುಕ್ರವಾರ

ಎಂಟು ದಿನ. ಒಮ್ಮೆಯೂ ನಿಂತಿಲ್ಲ. ಇಷ್ಟು ಕಷ್ಟಪಟ್ಟು ಕಟ್ಟಿದ ದಾರಿಯಲ್ಲಿ ಓಡಾಡುವ ಪ್ರಮೇಯವೇ ಬರುತ್ತಿಲ್ಲ. ಸಾಲಿನಲ್ಲಿ ನಿಲ್ಲುವವರು ನಿಂತ ಹಾಗೇ ಚೀಲ ಹೊತ್ತು ಹೋಗುತ್ತಾರೆ.

ಚಿಕ್ಕಮಾದಮ್ಮ ಮೆಸೇಜು ಕಳಿಸಿದ್ದಳು, ಕೆಲಸದ ಮಾತೇನೂ ಇರಲಿಲ್ಲ. ಸಾರಿಗೆ ಉಪ್ಪು ಸರಿಯಾಗಿತ್ತಂತೆ.

ನವೆಂಬರ್ 18, ಮಂಗಳವಾರ

ನಾಳೆ.

ನವೆಂಬರ್ 19, ಬುಧವಾರ

ಮತ್ತೆ ಆ ಕೊಳವೆ, ಮತ್ತೆ ಆ ಟಿವಿ. ನಾನು ಕಣ್ಣು ಮುಚ್ಚಿಕೊಂಡೆ. ನಾಗರತ್ನ ನೋಡುತ್ತಿದ್ದಳು. ಅವಳ ಕೈ ನನ್ನ ಮೊಣಕೈ ಹಿಡಿದಿತ್ತು. ಮೊದಲು ಬಿಗಿಯಾಯಿತು, ಆಮೇಲೆ ಸಡಿಲವಾಯಿತು. ಆ ಸಡಿಲದಿಂದಲೇ ನನಗೆ ಗೊತ್ತಾಯಿತು.

"ಕರಗಿದೆ" ಎಂದರು ಡಾಕ್ಟರಮ್ಮ. "ಒಂಚೂರು ಕೆಂಪಿದೆ, ಅದೂ ಹೋಗುತ್ತೆ. ಆಪರೇಷನ್ ಬೇಡ. ಎಲ್ಲಿ, ಆ ಅನ್ನಿ."

"ಆ" ಎಂದೆ. ಬಂತು! ತೆಳ್ಳಗೆ, ಹೊಸದಾಗಿ, ಬೇರೆ ಯಾರದೋ ಮನೆಯ ಮಗುವಿನಂತೆ ಬಂತು. ಆದರೂ ನನ್ನದೇ.

"ಮಾತಾಡಿ, ಆದ್ರೆ ಒಂದು ಮೊಳ ದೂರದಲ್ಲಿ ಇರೋರಿಗೆ ಕೇಳಿಸೋವಷ್ಟೇ. ಸಂಕ್ರಾಂತಿ ನಾಟ್ಕಕ್ಕೆ ಮೈಕ್ ಹಾಕಿಸ್ಕೊಳ್ಳಿ."

ಹೊರಗೆ ಬಂದು ಮೊದಲ ಮಾತು ಯಾವುದಾಗಬೇಕು ಎಂದು ನಾನು ಯೋಚಿಸುತ್ತ ನಿಂತಿರುವಾಗ ನಾಗರತ್ನ ಮುಖ ಆ ಕಡೆ ತಿರುಗಿಸಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಯಾಕೆ?" ಎಂದೆ. ಅದೇ ಮೊದಲ ಮಾತಾಗಿಬಿಟ್ಟಿತು.

"ಏನಿಲ್ಲ ಕಣ್ರೀ. ಮನೇಲಿ ಸ್ವಲ್ಪ ದಿನ ನನ್ ಮಾತು ನಂಗೇ ಕೇಳ್ಸೋದು. ಇನ್ನು ಮುಗೀತಲ್ಲ ಅಂತ" ಎಂದು ಅಳುತ್ತಲೇ ನಕ್ಕಳು. ಇಬ್ಬರೂ ಮಸಾಲೆ ದೋಸೆ ತಿಂದೆವು. ನಾನು ಹೆಚ್ಚೇನೂ ಮಾತಾಡಲಿಲ್ಲ. ಅಭ್ಯಾಸ ತಪ್ಪಿದೆ.

ನವೆಂಬರ್ 20, ಗುರುವಾರ

ಆಫೀಸಿಗೆ ಬಂದವನೇ ಮೇಜಿನ ಲ್ಯಾಂಡ್‌ಲೈನಿನಿಂದ ನರಸೀಪುರಕ್ಕೆ ಫೋನು ಮಾಡಿದೆ. ಸರ್ವರ್ ಚೆನ್ನಾಗಿಯೇ ಇದೆ, ಅದರ ಕೆಲಸವೇನೂ ಇರಲಿಲ್ಲ. ಆಯಮ್ಮನಿಗೆ ಒಂದು ಮಾತು ಹೇಳಬೇಕಿತ್ತು. ಬರೆದು ಕಳಿಸಬಹುದಿತ್ತು, ಬರೆದರೆ ಆಗುವ ಮಾತಲ್ಲ ಅನ್ನಿಸಿತು. ಕೂಗಿದ್ದು ದನಿಯಲ್ಲಿ, ಇದೂ ದನಿಯಲ್ಲೇ ಹೋಗಬೇಕು.

"ಅಲೋ" ಎಂದಳು.

"ಚಿಕ್ಕಮಾದಮ್ಮನವರೇ, ಚೆನ್ನಾಗಿದ್ದೀರಾ?" ಎಂದೆ. ಡಾಕ್ಟರಮ್ಮ ಹೇಳಿದ್ದ ಒಂದು ಮೊಳದ ದನಿ.

"ಯಾರು ಸಾ ಮಾತಾಡದು?"

"ನಾನು. ರಂಗನಾಯಕ."

"ಸುಮ್ಕಿರಿ ಸಾ, ತಮಾಸೆ ಮಾಡ್ಬೇಡಿ. ರಂಗನಾಯಕ್ ಸಾ ದನಿ ನಂಗೊತ್ತಿಲ್ವಾ? ನಾಕು ವರ್ಸ ಕೇಳಿವ್ನಿ. ಈ ಫೋನು ಕಿವಿಯಿಂದ ಇಷ್ಟುದ್ದ ದೂರ ಮಡೀಕಂಡು ಕೇಳಿವ್ನಿ. ಅವ್ರಿಗೆ ಗಂಟ್ಲು ಉಸಾರಿಲ್ಲ, ಪಾಪ, ಮಾತಾಡಂಗಿಲ್ಲ. ತಾವ್ಯಾರು?"

"ನಾನೇ ಕಣಮ್ಮ. ಗಂಟಲು ವಾಸಿಯಾಯ್ತು."

"ವಾಸಿಯಾಗಿದ್ರೆ ಇಂಗ್ ಮಾತಾಡ್ತಿದ್ರಾ ಅವ್ರು?" ಎಂದು ನಕ್ಕಳು. "ಅವ್ರು ಬಂದ್ಮೇಲೆ ಅವ್ರ ಕೈಲೇ ಫೋನ್ ಮಾಡ್ಸಿ. ಬಿಲ್ಲಿಗ್ ಜನ ನಿಂತವ್ರೆ, ಮಡಗ್ತೀನಿ."

ಇಟ್ಟುಬಿಟ್ಟಳು.

ಒಂದೇ ಒಂದು ಘರ್ಜನೆ ಸಾಕಿತ್ತು, ನಾನೇ ಎಂದು ಸಾಬೀತಾಗಲು. ಫೋನು ಕೈಯಲ್ಲೇ ಇತ್ತು. ಕೆಳಗಿಟ್ಟೆ.

ಪುಟ್ಟಬಸವಯ್ಯನವರ ಹತ್ತಿರ ಹೋಗಿ ನಾಳೆ ಒಂದು ದಿನ ನರಸೀಪುರಕ್ಕೆ ಹೋಗಿಬರುತ್ತೇನೆ ಎಂದೆ. "ಇನ್ಯಾಕ್ರೀ ಹೋಗ್ಬೇಕು? ಇಲ್ಲಿಂದ್ಲೇ ಎಲ್ಲಾ ಆಗೋ ಹಂಗೆ ಮಾಡ್ಕೊಂಡಿದ್ದೀರಲ್ಲ" ಎಂದರು.

ಎಲ್ಲಾ ಆಗಲ್ಲ ಸಾರ್ ಎಂದೆ. ಬೆಳಿಗ್ಗೆ ಏಳೂವರೆಗೆ ಒಂದು ಬಸ್ಸಿದೆ.